ಕಾಣದ ಬೆಂಕಿ

ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ವಿದ್ಯಾರ್ಥಿಗೆ ಒಂದು ಪರ್ವತವೂ ಅದರ ಮೇಲೆ ಏಳುವ ಧೂಮವೂ ಎದುರಾಗುತ್ತವೆ; ಧೂಮವಿದ್ದಲ್ಲಿ ಅಗ್ನಿಯಿರುವುದನ್ನು ಅಡಿಗೆಮನೆಯಲ್ಲಿ ಕಂಡವನು, ಬೆಟ್ಟದ ಮೇಲಣ ಕಾಣದ ಅಗ್ನಿಯನ್ನು ಕಾಣುವ ಧೂಮದಿಂದ ಅನುಮಾನಿಸುತ್ತಾನೆ. ನೈಯಾಯಿಕರಾದರೋ ಅಷ್ಟಕ್ಕೇ ನಿಲ್ಲದೆ, ಇದರ ವಿಲೋಮವು ಸಲ್ಲದೆಂದು ತೋರಿಸಲು ಕಾದ ಕಬ್ಬಿಣದ ಗುಂಡೊಂದನ್ನು ಮುಂದಿಟ್ಟರು: ಅಲ್ಲಿ ಅಗ್ನಿಯುಂಟು, ಧೂಮವಿಲ್ಲ. ವಾದಕ್ಕೊಂದು ಉಪಕರಣವೆಂದಷ್ಟೇ ನಾನು ಬಹುಕಾಲ ಎಣಿಸಿದ್ದ ಆ ಗುಂಡು, ಮಲೆನಾಡಿನ ನಮ್ಮ ಹಿರಿಯರ ಮನೆಯಲ್ಲಿ ನನ್ನ ತಲೆಯ ಮೇಲೆಯೇ ಇದ್ದುದನ್ನು ಕಳೆದ ವೈಶಾಖದಲ್ಲಿ ಕಂಡೆ.

ಹೆಂಚಿನ ಮಾಡಿನ ಆ ಮನೆಯ ನಡುಮನೆಗೆ, ತೊಲೆ ಜಂತಿಗಳು ಮರೆಯಾಗುವಂತೆ ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಹೊದಿಸಿ, ಅದರಲ್ಲಿ ದುಂಡನೆಯ ರಂಧ್ರಗಳನ್ನು ಕೊರೆಸಿ, 50 ವ್ಯಾಟಿನ ಹ್ಯಾಲೊಜೆನ್ ಡೌನ್‌ಲೈಟುಗಳನ್ನು ಹುದುಗಿಸಿ ಹಲವು ವರ್ಷಗಳಾಗಿದ್ದವು. ಅವುಗಳಲ್ಲೊಂದು ಮಿಣುಕತೊಡಗಿದಾಗ ವಿದ್ಯುತ್ ಕೆಲಸದ ಹುಡುಗನೊಬ್ಬನು ಏಣಿ ಹತ್ತಿ ಅದನ್ನು ಕೆಳಗೆಳೆದನು. ಅದರೊಡನೆ ಹತ್ತಿ, ತೆಂಗಿನ ನಾರು, ಹಳೆಯ ಪಂಚಾಂಗದ ಚೂರುಗಳಿಂದ ಹೆಣೆದ ಇಲಿಯ ಗೂಡಿನ ಒಂದು ಪಾಲೂ ಉದುರಿತು. ನಾರಿನ ತುದಿಗಳು ಕಂದಿದ್ದವು. ಜಂತಿಯ ಪಕ್ಕವನ್ನು ಬೆರಳಿಂದ ಒರಸಿದರೆ ಇದ್ದಿಲು ಹತ್ತುತ್ತಿತ್ತು. ಮೇಲೆ ಉಳಿದ ಗೂಡಿನಲ್ಲಿ ಇನ್ನೂ ಕಣ್ತೆರೆಯದ ಮರಿಗಳಿದ್ದವು.

ಆ ಹ್ಯಾಲೊಜೆನ್ ದೀಪದ ರಚನೆಯೇ ವಿಚಾರಾರ್ಹವಾದುದು. ಅದರ ಹಿಂದಣ ಗಾಜಿನ ಬಟ್ಟಲು ಬೆಳಕನ್ನು ಕೆಳಕ್ಕೆ ಪ್ರತಿಫಲಿಸಿ, ಶಾಖದ ಬಹುಪಾಲನ್ನು ತನ್ನ ಮೂಲಕವೇ ಹಿಂದಕ್ಕೆ ಸಾಗಗೊಡುತ್ತದೆ. ಕೆಳಗೆ ಕುಳಿತವನಿಗೆ ತಂಪಾದ ಬೆಳಕು, ಮೇಲಣ ಗಾಳಿಯಾಡದ ಕತ್ತಲೆಗೆ ಅದರ ಕಾವು. ಹೀಗೆ ವರ್ಷಗಟ್ಟಲೆ ಬಿಸಿಯುಂಡ ಮರ ಮೆಲ್ಲಮೆಲ್ಲನೆ ಕರಿಯಾಗುತ್ತ ಬಂದು, ಹೊಸ ಮರಕ್ಕಿಂತ ಕಡಮೆ ಶಾಖಕ್ಕೇ ಹೊತ್ತಿಕೊಳ್ಳಬಲ್ಲುದಾಗುತ್ತದೆ. ಜಿಪ್ಸಮ್ ತನ್ನ ತೂಕದ ಸುಮಾರು ಐದನೆಯ ಒಂದು ಪಾಲಿನಷ್ಟು ನೀರನ್ನು ತನ್ನೊಳಗೆ ಬಂಧಿಸಿಟ್ಟುಕೊಂಡಿರುವುದರಿಂದ ಬೆಂಕಿಗೆ ಬೇಗ ಸೋಲದು, ನಿಜ. ಆದರೆ ನಾವು ಕೊರೆಸಿದ ಒಂದೊಂದು ರಂಧ್ರವೂ ಆ ಕವಚದಲ್ಲಿ ತೆರೆದಿಟ್ಟ ಬಾಗಿಲೇ ಸರಿ. ಎಲ್‌ಇಡಿ ಬಂದಮೇಲೆ ಈ ಭಯ ಬಹಳ ಕುಗ್ಗಿದೆ, ಅಳಿದಿಲ್ಲ: ಅದರ ಬೆನ್ನೂ, ಅದಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಡ್ರೈವರಿನ ಪೆಟ್ಟಿಗೆಯೂ ಬಿಸಿಯಾಗುತ್ತವೆ, ಮತ್ತು ತಂತಿಗಳನ್ನು ಬರಿದೆ ತಿರುಚಿ ಟೇಪು ಸುತ್ತಿದ ಸಡಿಲ ಜಾಯಿಂಟು ಯಾವ ದೀಪಕ್ಕಾದರೂ ಕಾಯುವುದೇ.

ನಮ್ಮ ಹಿರಿಯರೂ ದೀಪಕ್ಕಾಗಿ ಗೋಡೆಯನ್ನು ಕೊರೆದವರೇ. ಆದರೆ ಆ ದೀಪದ ಗೂಡು ಕಣ್ಣಿನ ಎತ್ತರದಲ್ಲಿತ್ತು. ಬತ್ತಿ ಎಷ್ಟು ಉರಿಯಿತೆಂಬುದಕ್ಕೆ ಅದರ ಮಸಿಯೇ ಸಾಕ್ಷಿ ನುಡಿಯುತ್ತಿತ್ತು. ವೇದವು ಅಗ್ನಿಯನ್ನು ಗೃಹಪತಿಯೆಂದೂ ಅತಿಥಿಯೆಂದೂ ಕರೆಯಿತು. ಅತಿಥಿಯನ್ನು ಅಟ್ಟದ ಕತ್ತಲೆಯಲ್ಲಿ ಕೂಡಿಹಾಕಿ ಮರೆಯುವುದು ಯಾವ ಆತಿಥ್ಯ? ನಾವು ಬೇಡಿದುದು ಬೆಳಕನ್ನು, ದೀಪವನ್ನಲ್ಲ. ಕಾರ್ಯವು ಕಣ್ಣೆದುರಿಗಿರಲಿ, ಕಾರಣವು ಮರೆಯಲ್ಲಿರಲಿ ಎಂಬ ಈ ಆಸೆ ಬರಿಯ ಅಲಂಕಾರದ ಆಸೆಯೆಂದು ನನಗೆ ತೋರದು. ದೀಪದ ಕಾವನ್ನು ಹೀಗೆ ಮರೆತುದರ ಅಪಾಯದಿಂದ ದೇವರ ಸನ್ನಿಧಿಗೂ ವಿನಾಯಿತಿಯಿಲ್ಲ. 1992ರ ನವೆಂಬರ್ 20ರಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಪ್ರಾರ್ಥನಾಮಂದಿರದಲ್ಲಿ, ಪರದೆಗೆ ತಾಗಿದ ಒಂದು ಸ್ಪಾಟ್‌ಲೈಟಿನ ಕಾವಿನಿಂದ ಹುಟ್ಟಿದ ಬೆಂಕಿ ಸುಮಾರು 15 ಗಂಟೆಗಳ ಕಾಲ ಉರಿದು 115 ಕೋಣೆಗಳನ್ನು ಹಾಳುಗೆಡವಿತು.

ಬೆಂಕಿ ಇಡಬೇಕೆಂದು ನಾವಾರೂ ಸಂಕಲ್ಪಿಸಲಿಲ್ಲ; ಮೇಲೆ ನಡೆಯುತ್ತಿದ್ದುದು ನಮಗೆ ತಿಳಿದೂ ಇರಲಿಲ್ಲ. ಸಂಕಲ್ಪವಿಲ್ಲದಲ್ಲಿ ಪಾಪವಿಲ್ಲವೆಂದು ಅಂದು ರಾತ್ರಿ ನನ್ನ ತಮ್ಮನು ಸಮಾಧಾನ ಹೇಳಿದನು. ಆ ಸಮಾಧಾನವನ್ನು ನಾನು ಒಪ್ಪಲಾರದೆ ಹೋದೆ. ಜೈನಾಚಾರ್ಯ ಉಮಾಸ್ವಾತಿಯವರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರ್ವಚಿಸುವಾಗ ಹೆಸರಿಸಿದುದು ದ್ವೇಷವನ್ನಲ್ಲ, ಪ್ರಮಾದವನ್ನು. ಅದರ ಮೇಲೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ಇನ್ನೂ ಮುಂದೆ ಹೋಗಿ, ಎಚ್ಚರದಿಂದ ಅಡಿಯಿಡುವ ಮುನಿಯ ಪಾದದಡಿ ಜೀವಿಯೊಂದು ಬಿದ್ದು ಸತ್ತರೂ ಆತನಿಗೆ ಬಂಧವಿಲ್ಲವೆಂದೂ, ಎಚ್ಚರವಿಲ್ಲದವನಿಗೆ ಜೀವಿ ಸಾಯಲಿ ಬದುಕಲಿ ಹಿಂಸೆ ನಿಶ್ಚಿತವೆಂದೂ ವಿವರಿಸುವರು. ಈ ಮಾತಿನ ಮುಂದೆ ನಮ್ಮ ಅಜ್ಞಾನ ನಿಲ್ಲದು. ಏಕೆಂದರೆ ಅದು ತಾನಾಗಿ ಬಂದ ಅಜ್ಞಾನವಲ್ಲ, ಹಲಗೆ ಹೊದಿಸಿ ನಾವೇ ಮಾಡಿಸಿಕೊಂಡ ಅಜ್ಞಾನ. ಮನೆ ಉರಿಯದೆ ಉಳಿದುದೂ ನಮ್ಮ ಪುಣ್ಯದ ಲೆಕ್ಕಕ್ಕೆ ಸೇರತಕ್ಕುದಲ್ಲ. ಆ ಜಂತಿಯ ಕೆಳಗೆ ಪ್ರತಿರಾತ್ರಿಯೂ ತಮ್ಮನ ಮಕ್ಕಳು ಮಲಗುತ್ತಿದ್ದರು. ಮೇಲೆ, ಅದೇ ಕಾವನ್ನು ತಾಯಿಯ ಮೈಬಿಸಿಯೆಂದು ನಂಬಿ, ಇಲಿಯ ಮರಿಗಳು ಮಲಗಿದ್ದುವು.

ಮರಿಗಳನ್ನು ತಮ್ಮನ ಹೆಂಡತಿ ಮೊರದಲ್ಲಿ ಎತ್ತಿ ಸೌದೆಯ ಕೊಟ್ಟಿಗೆಯಲ್ಲಿಟ್ಟಳು. ಮರುದಿನ ಎಲ್ಲ ದೀಪಗಳನ್ನೂ ಕಳಚಿಸಿ, ಜಂತಿಯಿಂದ ದೂರಕ್ಕೆ ಸರಿಸಿ 7 ವ್ಯಾಟಿನ ಎಲ್‌ಇಡಿಗಳನ್ನು ಹಾಕಿಸಿದೆವು. ಡ್ರೈವರುಗಳ ಸುತ್ತ ಗಾಳಿಯಾಡಲು ಎಡೆಯಿರಿಸಿ, ಜಾಯಿಂಟುಗಳನ್ನು ಮುಚ್ಚಿದ ಪೆಟ್ಟಿಗೆಗಳೊಳಗೆ ಸೇರಿಸಿದುದಾಯಿತು. ಹಲಗೆಯಲ್ಲಿ ಒಂದಾಳು ತಲೆತೂರಿಸುವಷ್ಟು ಚೌಕವನ್ನು ಕತ್ತರಿಸಿ ಮುಚ್ಚಳವಿಟ್ಟಿದ್ದೇವೆ. ನಯವಾದ ಬಿಳುಪಿನ ನಡುವೆ ಅದು ಎದ್ದು ಕಾಣುತ್ತದೆ. ಬಂದವರು ಅದೇನೆಂದು ಕೇಳುತ್ತಾರೆ. ಯುಗಾದಿಗೆ ಮನೆ ತೊಳೆಯುವ ಮುನ್ನ ಏಣಿ ಹಾಕಿ ಅದನ್ನು ತೆರೆದು ನೋಡುವ ಕೆಲಸವನ್ನು ತಮ್ಮನು ತನ್ನ ಹಿರಿಯ ಮಗನಿಗೆ ವಹಿಸಿದ್ದಾನೆ.