ಇಂದಿನ ಧಮ್ಮ ಚಿಂತನೆ: ಎರಡು ಬಾಯಿಯ ಚೀಲ



ನಮ್ಮಣ್ಣನಿಗೆ ಗುದನಾಳದ ಕ್ಯಾನ್ಸರ್ ಆಗಿ ದೊಡ್ಡ ಆಪರೇಷನ್ ಆಯಿತು. ಮನೆಗೆ ಬಂದ ದಿನವೇ ಅತ್ತಿಗೆಗೆ ಹೇಳಿದ: "ನನ್ನ ತಟ್ಟೆ, ಲೋಟ ಬೇರೆ ಇಡು." ನಮ್ಮಪ್ಪ ಊರ ಹೋಟೆಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದವರು. ಅವರ ಕೈಗೆ ಚಿಪ್ಪು ಕೊಟ್ಟವರು ಬೇರೆಯವರು. ಅಣ್ಣ ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದ.

ಈ ಆಪರೇಷನ್ ಏನೆಂದು ಮೊದಲು ತಿಳಿಯೋಣ. ಗೊತ್ತಿಲ್ಲದ ಕಡೆಯೇ ಅಸಹ್ಯ ಜಾಸ್ತಿ. ಮಲ ಹೋಗುವ ದಾರಿಯನ್ನು ತೆಗೆಯಬೇಕಾದಾಗ, ಇಲ್ಲವೇ ಅದು ಮಾಯುವವರೆಗೆ ವಿಶ್ರಾಂತಿ ಕೊಡಬೇಕಾದಾಗ, ಡಾಕ್ಟರು ಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೇಲೆ ತಂದು ಹೊಲಿಯುತ್ತಾರೆ. ಆ ಬಾಯಿಗೆ ಸ್ಟೋಮಾ ಎನ್ನುತ್ತಾರೆ. ದೊಡ್ಡ ಕರುಳಿನದಾದರೆ ಕೊಲೊಸ್ಟಮಿ, ಸಣ್ಣ ಕರುಳಿನದಾದರೆ ಇಲಿಯೊಸ್ಟಮಿ. ಕೆಲವರಿಗೆ ಕೆಲ ತಿಂಗಳು ಮಾತ್ರ, ಅಣ್ಣನಿಗೆ ಜೀವನಪೂರ್ತಿ. ನೋಡಲು ತುಟಿಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರುತ್ತದೆ, ಮುಟ್ಟಿದರೆ ನೋವಿಲ್ಲ. ತಡೆದು ಹಿಡಿಯುವ ಸ್ನಾಯು ಅಲ್ಲಿಲ್ಲದ ಕಾರಣ ಚೀಲ ಅಂಟಿಸಬೇಕು. ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಬೇಕು, ಕೆಲವು ದಿನಕ್ಕೊಮ್ಮೆ ಬದಲಿಸಬೇಕು, ಸುತ್ತಲಿನ ಚರ್ಮ ತೊಳೆದು ಒಣಗಿಸಬೇಕು. ಸರಿಯಾಗಿ ಅಂಟಿದ್ದರೆ ವಾಸನೆ ಹೊರಗೆ ಬಾರದು. ಸ್ನಾನ, ಪ್ರಯಾಣ, ದುಡಿಮೆ ಎಲ್ಲವೂ ಸಾಧ್ಯ. ಭಾರ ಎತ್ತುವಾಗ ಮಾತ್ರ ಎಚ್ಚರ.

ಇಷ್ಟೆಲ್ಲ ನರ್ಸಮ್ಮ ತಿಳಿಸಿ ಹೇಳಿದ್ದರು. ಆದರೂ ಅಣ್ಣ ವಿಹಾರಕ್ಕೆ ಬರಲಿಲ್ಲ. "ಹೊಟ್ಟೆ ಮೇಲೆ ಹೇಲು ಕಟ್ಟಿಕೊಂಡು ಬುದ್ಧನ ಮುಂದೆ ಹೆಂಗೆ ಕೂರಲಿ?"

ಸತಿಪಟ್ಠಾನ ಸುತ್ತ ತೆಗೆದು ನೋಡಿದೆ. ದೇಹದ ಭಾಗಗಳನ್ನು ಎಣಿಸುವಾಗ ಹೃದಯ, ರಕ್ತದ ಜೊತೆಗೇ ಮಲವೂ ಬರುತ್ತದೆ. ಅಲ್ಲಿನ ಹೋಲಿಕೆ ಒಂದು ಚೀಲ! ಎರಡೂ ಕಡೆ ಬಾಯಿ, ಒಳಗೆ ಭತ್ತ, ಹೆಸರು, ಎಳ್ಳು. ಕಣ್ಣಿರುವವನು ಬಿಚ್ಚಿ ನೋಡಿ ಇದು ಭತ್ತ, ಇದು ಎಳ್ಳು ಎಂದು ಗುರುತಿಸುತ್ತಾನೆ. ಅಶುಚಿ ಎಂಬ ಪದವೂ ಅಲ್ಲಿದೆ, ಮುಚ್ಚಿಡುವುದಿಲ್ಲ. ಆದರೆ ಪುರೋಹಿತನ ಹೊಟ್ಟೆಗೆ ಬೇರೆ ಪಟ್ಟಿ ಕೊಟ್ಟಿಲ್ಲ. ಅಣ್ಣನ ಚೀಲ ಹೊರಗೆ ಕಾಣುತ್ತದೆ, ನಮ್ಮದು ಕಾಣುವುದಿಲ್ಲ.

ಓದುವುದು ಸುಲಭ. ಮೊದಲ ಸಲ ಚೀಲ ಸೋರಿದಾಗ ನಾನು ಎದ್ದು ಅಂಗಳಕ್ಕೆ ಹೋಗಿ ನಿಂತೆ. ಒರೆಸಿದ್ದು ಅತ್ತಿಗೆ. ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಕಥೆ: ಕರುಣೆಯ ಭಾಷಣ ಗಂಡಸರದು, ಬಟ್ಟೆ ಬಕೆಟ್ಟು ಹೆಂಗಸರದು. ನಿಮಗೆ ಅಸಹ್ಯ ಆಗಲಿಲ್ಲವೇ ಎಂದು ಅತ್ತಿಗೆಯನ್ನು ಕೇಳಿದೆ. "ಆಯ್ತಪ್ಪ, ಆದ್ರೆ ಅವರು ಒದ್ದೆಯಲ್ಲಿ ಕೂತಿದ್ರಲ್ಲ" ಎಂದರು.

ವಿನಯಪಿಟಕದಲ್ಲಿ ಅತಿಸಾರದಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವಿನ ಪ್ರಸಂಗ ಇದೆ. ಬಾಬಾಸಾಹೇಬರು ಅದನ್ನು ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಸೇರಿಸಿದ್ದಾರೆ. ಅವನಿಂದ ಉಪಯೋಗವಿಲ್ಲವೆಂದು ಉಳಿದ ಭಿಕ್ಷುಗಳು ನೋಡಿಕೊಳ್ಳುತ್ತಿರಲಿಲ್ಲ. ಭಗವಾನರು ಶಿಷ್ಯರನ್ನು ಕೂಗಿ ಕೆಲಸ ಒಪ್ಪಿಸಲಿಲ್ಲ. ತಾವೇ ನೀರು ಹೊಯ್ದರು, ಆನಂದ ತೊಳೆದರು; ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಸಂಘವನ್ನು ಕರೆದು ಕೇಳಿದ್ದು ಆಮೇಲೆ.

ಹೋದ ಭಾನುವಾರ ಚೀಲ ಬದಲಿಸುವುದನ್ನು ಕಲಿತೆ. ಕೈ ನಡುಗಿತು, ಅಣ್ಣನೇ ನಕ್ಕ. ವಿಹಾರಕ್ಕೆ ಬಂದು ಬಾಗಿಲ ಹತ್ತಿರ ಕೂತ. ಲೋಟ ಮಾತ್ರ ಮನೆಯಲ್ಲಿ ಇನ್ನೂ ಬೇರೆಯೇ ಇದೆ. ನಿನ್ನೆ ಅದರಲ್ಲೇ ಟೀ ಬಗ್ಗಿಸಿಕೊಂಡು ಕುಡಿದೆ. ಅಣ್ಣ ನೋಡಿದ, ಏನೂ ಅನ್ನಲಿಲ್ಲ.

ಜೈಭೀಮ್ 🙏