ಬೇಸಿಗೆಯ ಬಿಡುವು

ಚೈತ್ರದ ಬಿಸಿಲು ಏರತೊಡಗಿದೊಡನೆ ನಮ್ಮ ನಾಡಿನ ಶಾಲೆಗಳು ಬಾಗಿಲಿಕ್ಕಿಕೊಳ್ಳುತ್ತವೆ. ಏಪ್ರಿಲ್ ತಿಂಗಳ ನಡುವಿನಿಂದ ಮೇ ತಿಂಗಳ ಕಡೆಯವರೆಗೆ, ಹೆಚ್ಚು ಕಡಿಮೆ ಒಂದೂವರೆ ತಿಂಗಳ ಕಾಲ, ಮಕ್ಕಳು ಮನೆಯಲ್ಲಿರುತ್ತಾರೆ. ಅವರಿಗೆ ಇದು ಹಬ್ಬ; ತಂದೆತಾಯಿಗಳ ಮುಖದಲ್ಲಿ ಮಾತ್ರ ಒಂದು ಬಗೆಯ ಚಿಂತೆ. "ಈ ಹುಡುಗರನ್ನು ಇಷ್ಟು ದಿನ ಹೇಗೆ ಹಿಡಿದಿಡುವುದು? ಏನು ಕೊಟ್ಟು ರಮಿಸುವುದು?" ಎಂದು ಶಾಲೆಯ ಉಪಾಧ್ಯಾಯರನ್ನು ಕೇಳುವ ಗೃಹಸ್ಥರು ಅನೇಕರಿದ್ದಾರೆ. ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಒಳಹೊಕ್ಕು ನೋಡಿದರೆ ಅದರಲ್ಲಿ ಧರ್ಮವಿಚಾರವೊಂದು ಅಡಗಿದೆ. ಮಗುವಿನ ಕಾಲವು ಯಾರ ಸೊತ್ತು? ಅದನ್ನು ವಿನೋದದಿಂದ ತುಂಬಿಕೊಡುವುದು ಹಿರಿಯರ ಕರ್ತವ್ಯವೇ?

ಮೊದಲು ಶಬ್ದಗಳನ್ನೇ ವಿಚಾರಿಸೋಣ. 'ವಿನೋದ'ವು 'ನುದ್' ಎಂಬ ಧಾತುವಿನಿಂದ ಬಂದದ್ದು. ತಳ್ಳು, ದೂಡು ಎಂಬುದು ಅದರ ಅರ್ಥ. ದಣಿವನ್ನೂ ಬೇಸರವನ್ನೂ ದೂರ ತಳ್ಳುವುದೇ ವಿನೋದ. 'ರಂಜನೆ'ಯ ಮೂಲಾರ್ಥ ಬಣ್ಣವೇರಿಸುವುದು. ಅಲ್ಲಿ ಬಣ್ಣ ಹಚ್ಚುವವನು ಒಬ್ಬ, ಹಚ್ಚಿಸಿಕೊಳ್ಳುವವನು ಇನ್ನೊಬ್ಬ. 'ಆಟ'ವೆಂಬ ನಮ್ಮ ಕನ್ನಡ ಮಾತು ಹಾಗಲ್ಲ. ಅದು 'ಆಡು' ಎಂಬ ಕ್ರಿಯೆಯಿಂದ ಹುಟ್ಟಿದ್ದು. ಆಡುವವನೇ ಅದರ ಕರ್ತೃ. ರಜೆಗೆ ನಾವು 'ಬಿಡುವು' ಎನ್ನುತ್ತೇವೆ. ಅದು 'ಬಿಡು' ಎಂಬುದರಿಂದ ಬಂದಿದೆ. ಮಗುವನ್ನು ಬಿಡದೆ ಅದಕ್ಕೆ ಬಿಡುವು ಹೇಗೆ ದೊರೆತೀತು?

ಇಂದು ನಾವು ಮಾಡುತ್ತಿರುವುದೇನು? ಕೂಸು ಅತ್ತೊಡನೆ ಅದರ ಕೈಗೆ ಮೊಬೈಲು ಕೊಡುತ್ತೇವೆ; ಮನೆ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದವು ಕೂಸಿನ ಹಿತಕ್ಕೋ ನಮ್ಮ ನೆಮ್ಮದಿಗೋ ಎಂದು ಎದೆ ಮುಟ್ಟಿ ಕೇಳಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಎರಡು ವರ್ಷ ತುಂಬದ ಕೂಸುಗಳನ್ನು ಪರದೆಯ ಮುಂದೆ ಕೂರಿಸುವುದು ಸಲ್ಲದೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ಅದು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ ಹೇಳಿದೆ. ಇನ್ನು ಅನುಕೂಲವಂತರು ಬೆಳಿಗ್ಗೆ ಒಂದು ಶಿಬಿರ, ಸಂಜೆ ಇನ್ನೊಂದು ತರಗತಿ ಎಂದು ರಜೆಯನ್ನೇ ಎರಡನೆಯ ಶಾಲೆಯಾಗಿಸುತ್ತಾರೆ. ಶಿಬಿರವೇ ಕೆಟ್ಟದ್ದೆಂದು ನನ್ನ ಮಾತಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಕಡೆಗಳಲ್ಲಿ ಮಕ್ಕಳು ತಾವೇ ಹಾಡಿ, ಕುಣಿದು, ನಾಟಕ ಕಟ್ಟುತ್ತಾರೆ. ಅಲ್ಲಿ ಅವರು ಕರ್ತೃಗಳು. ದೋಷವಿರುವುದು ಶಿಬಿರದಲ್ಲಲ್ಲ, ಒಂದು ಗಳಿಗೆಯೂ ಬರಿದಾಗಿರಬಾರದೆಂಬ ನಮ್ಮ ಆತುರದಲ್ಲಿ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಬಲ್ಲದ ಭಕ್ತರಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಮನೆಯಲ್ಲಿ ಸಂಪತ್ತಿರಲಿಲ್ಲ, ಆದರೂ ಅಳತೆಯ ಅರಿವಿತ್ತು. ಧಾನ್ಯಕ್ಕೆ ಸಲ್ಲುವ ಈ ವಿವೇಕವು ಸುಖಕ್ಕೂ ಸಲ್ಲುತ್ತದೆ. ಮಕ್ಕಳ ಮಡಿಲಿಗೆ ನಾವು ಪ್ರೀತಿಯ ಹೆಸರಿನಲ್ಲಿ ಸುರಿಯುವ ವಿನೋದದಲ್ಲಿ ಅವರಿಗೆ ಬೇಕಾದುದೆಷ್ಟು, ನಮ್ಮ ಆಸೆಯಿಂದ ಹೆಚ್ಚಾದುದೆಷ್ಟು? ಮಗು "ಬೇಸರ" ಎಂದೊಡನೆ ನಾವು ಬೆದರಬೇಕಾಗಿಲ್ಲ. ಸ್ವಲ್ಪ ಹೊತ್ತು ಬಿಟ್ಟುನೋಡಿರಿ. ಹುಣಸೆಬೀಜ ಹುಡುಕಿ, ಸುಣ್ಣದಿಂದ ನೆಲದ ಮೇಲೆ ಮನೆ ಬರೆದು, ನೆರೆಮನೆಯ ಗೆಳೆಯನನ್ನು ಕೂಗಿ, ಅದು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ.

"ಹಾಗಾದರೆ ಮಕ್ಕಳನ್ನು ಹೇಳುವವರು ಕೇಳುವವರು ಇಲ್ಲದಂತೆ ಬಿಟ್ಟುಬಿಡಬೇಕೇ?" ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಈಜಲು ಹೋದ ಬಾಲಕರು ಕೆರೆಯಲ್ಲಿ, ಕಾಲುವೆಯಲ್ಲಿ, ಕೃಷಿಹೊಂಡದಲ್ಲಿ, ಕಲ್ಲುಗಣಿಯ ಗುಂಡಿಯಲ್ಲಿ ಮುಳುಗಿದ ಸುದ್ದಿಯಿಲ್ಲದೆ ನಮ್ಮಲ್ಲಿ ಒಂದು ಬೇಸಿಗೆಯೂ ಕಳೆಯುವುದಿಲ್ಲ. ಆದರೆ ಕಾಯುವುದು ಬೇರೆ, ರಂಜಿಸುವುದು ಬೇರೆ. ನೀರಿಗಿಳಿಯುವಾಗ ಈಜು ಬಲ್ಲ ಹಿರಿಯರೊಬ್ಬರು ದಡದಲ್ಲಿರಲೇಬೇಕು. ನಡುಹಗಲಿನ ಉರಿಬಿಸಿಲಿನಲ್ಲಿ ಮಕ್ಕಳು ನೆರಳಿನಲ್ಲಿರಬೇಕು. ಚೌಕಾಬಾರ, ಹದಿನಾಲ್ಕು ಗುಳಿಗಳ ಅಳಗುಳಿಮನೆ, ಹುಲಿಕುರಿಯಾಟ ಇವೆಲ್ಲ ಆ ಹೊತ್ತಿಗೆ ತಕ್ಕವು. ಚಿಣ್ಣಿದಾಂಡು, ಲಗೋರಿಗಳಿಗೆ ಬಿಸಿಲಿಳಿದ ಮೇಲೆ ಬಯಲಿದೆ. ಎಲ್ಲೆಯನ್ನು ಹಿರಿಯರು ಹಾಕಬೇಕು. ಎಲ್ಲೆಯ ಒಳಗಿನ ಆಟವನ್ನು ಮಕ್ಕಳಿಗೇ ಬಿಡಬೇಕು.

ಹದಿಹರೆಯದವರ ಮಾತು ಬೇರೆ. ಅವರು ಬೇಡುವುದು ಆಟಿಗೆಯನ್ನಲ್ಲ, ನಂಬಿಕೆಯನ್ನು. ಮನೆಯಲ್ಲಿ ತಮ್ಮಿಂದ ನಡೆಯಬೇಕಾದ ಕೆಲಸವೊಂದಿದೆ ಎಂಬ ಅರಿವು ಅವರಿಗೆ ಬೇಕು. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ ಮೊದಲಾದ ಶರಣರ ಕಾಯಕವು ಅವರ ಹೆಸರಿನಲ್ಲಿಯೇ ಬೆರೆತಿದೆ; ಕೈಯ ಕೆಲಸವನ್ನು ಅವರು ಹೊರೆಯೆಂದು ಎಣಿಸಲಿಲ್ಲ. ಒಂದು ತಿಂಗಳ ಮನೆಖರ್ಚಿನ ಲೆಕ್ಕವನ್ನು ಮಗನಿಗೆ ಒಪ್ಪಿಸಿರಿ. ಹಿತ್ತಿಲಿನ ಗಿಡಗಳ ಹೊಣೆಯನ್ನು ಮಗಳು ಬಯಸಿದರೆ ಅವಳಿಗೆ ವಹಿಸಿರಿ. ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಕಳುಹಿಸಿರಿ. ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಸೆಳೆಯಲೆಂದೇ ೨೦೨೦ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿ ಆರಂಭವಾಯಿತು. ಆದರೆ ಕಾಯಕದ ಹೆಸರಿನಲ್ಲಿ ಮಕ್ಕಳನ್ನು ಕೂಲಿಗೆ ಹಚ್ಚುವುದು ಪಾಪ. ೧೯೮೬ರ ಬಾಲಕಾರ್ಮಿಕ ಕಾಯಿದೆಯು ೨೦೧೬ರ ತಿದ್ದುಪಡಿಯಾದ ಮೇಲೆ ೧೪ ವರ್ಷ ತುಂಬದವರನ್ನು ಯಾವ ಉದ್ಯೋಗದಲ್ಲಿಯೂ ದುಡಿಮೆಗಿಡಬಾರದೆಂದು ನಿಷೇಧಿಸಿದೆ. ಅಪಾಯವಿಲ್ಲದ ಮನೆತನದ ಕಸುಬಿನಲ್ಲಿ ಶಾಲೆಯ ವೇಳೆ ಕಳೆದ ಮೇಲೆ, ಇಲ್ಲವೆ ರಜೆಯಲ್ಲಿ, ನೆರವಾಗಲು ಅವಕಾಶವಿತ್ತಿದೆ. ಆ ನೆರವು ಎಲ್ಲಿ ದುಡಿಮೆಯಾಗುತ್ತದೆಂಬುದನ್ನು ಕಾಯಿದೆಗಿಂತ ಮೊದಲು ತಂದೆಯ ಅಂತಃಕರಣ ಅರಿಯಬೇಕು.

ಇಷ್ಟೆಲ್ಲ ಬರೆಯುವ ನಾನು ಇದನ್ನು ಗ್ರಂಥದಿಂದ ಕಲಿತವನಲ್ಲ. ಹಲವು ವರ್ಷಗಳ ಹಿಂದೆ, ಬೇಸಿಗೆಯ ರಜೆ ಬಂದೊಡನೆ ನಾನು ಮಗನಿಗೆಂದು ಒಂದು ದಿನಚರಿಯನ್ನು ಬರೆದು ಗೋಡೆಗೆ ಅಂಟಿಸಿದೆನು. ಬೆಳಿಗ್ಗೆ ಅಮರಕೋಶ, ಆಮೇಲೆ ಈಜು, ಸಂಜೆ ಆಟ, ರಾತ್ರಿ ಕಥೆ. ನನ್ನ ಶಿಸ್ತಿಗೆ ನಾನೇ ಮೆಚ್ಚಿಕೊಂಡಿದ್ದೆನು. ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವಳಾದ ಮಗಳು ಪಾತ್ರೆಯ ಬುಟ್ಟಿಯನ್ನು ಹೊತ್ತುಕೊಂಡು ಅಂಗಳಕ್ಕೆ ಹೋಗುತ್ತಿದ್ದವಳು ಆ ಹಾಳೆಯ ಮುಂದೆ ನಿಂತು ಓದಿದಳು. ಆಮೇಲೆ ನನ್ನ ಕಡೆಗೆ ತಿರುಗಿ, "ಅಪ್ಪಾ, ಅಣ್ಣಗ ಸೂಟಿ ಬಂತು. ನನಗ ಯಾವಾಗ ಬರತೈತಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಕುತೂಹಲ ಮಾತ್ರ ಇತ್ತು. ನನ್ನ ಬಳಿ ಉತ್ತರವಿರಲಿಲ್ಲ. ಅನುಭವ ಮಂಟಪದಲ್ಲಿ ಹೆಣ್ಣಿಗೆ ದೊರೆತ ಸ್ಥಾನವನ್ನು ಕುರಿತು ಶಾಲೆಯಲ್ಲಿ ವರ್ಷ ವರ್ಷವೂ ಪಾಠ ಹೇಳುತ್ತಿದ್ದ ನಾನು, ನನ್ನ ಮನೆಯ ಗೋಡೆಯ ಮೇಲೆ ಅವಳಿಗೊಂದು ಸಾಲನ್ನೂ ಬರೆದಿರಲಿಲ್ಲ.

ಆ ಹಾಳೆಯನ್ನು ಅಂದೇ ತೆಗೆದೆನು. ಪಾತ್ರೆ ತಿಕ್ಕುವ ಕೆಲಸ ಅಣ್ಣತಂಗಿಯರಿಬ್ಬರಿಗೂ ಬಂದಿತು. ನೀರು ತರುವ ಕೆಲಸ ನನ್ನ ಪಾಲಿಗೆ ಬಂದಿತು. ಕೆಲಸ ಹಂಚಿಹೋದ ಮೇಲೆ ಎಲ್ಲರಿಗೂ ಒಂದಿಷ್ಟು ಬಿಡುವು ಮಿಕ್ಕಿತು. ಮಕ್ಕಳ ತಾಯಿ ಆ ಬೇಸಿಗೆಯಲ್ಲಿ ಮೊದಲ ಸಲ ಮಧ್ಯಾಹ್ನದ ಹೊತ್ತು ಮಗಳೊಡನೆ ಚೌಕಾಬಾರದ ಮುಂದೆ ಕುಳಿತಳು. ಆಕೆ ಅಷ್ಟು ಚೆನ್ನಾಗಿ ಆಡಬಲ್ಲಳೆಂಬುದು ಅದುವರೆಗೆ ನನಗೆ ತಿಳಿದಿರಲಿಲ್ಲ.

ಆದುದರಿಂದ ಗೃಹಸ್ಥರಾದವರು ರಜೆ ಬಂದಾಗ ಮಕ್ಕಳನ್ನು ಹೇಗೆ ರಮಿಸಲೆಂದು ಚಿಂತಿಸುವುದಕ್ಕೆ ಮುಂಚೆ ತಮ್ಮ ಮನೆಯೊಳಗೊಮ್ಮೆ ಕಣ್ಣಾಡಿಸಲಿ. ಯಾರಿಗೆ ಬಿಡುವು ಬಂದಿದೆ, ಯಾರಿಗೆ ಇನ್ನೂ ಬಂದಿಲ್ಲ ಎಂಬುದನ್ನು ಕಂಡುಕೊಳ್ಳಲಿ. ಬಿಡುವು ಬಾರದವರಿಗೆ ಅದನ್ನು ದೊರಕಿಸಿಕೊಡುವುದು ನಮ್ಮ ಕರ್ತವ್ಯ. ಮಿಕ್ಕ ಆಟವನ್ನು ಮಕ್ಕಳು ನೋಡಿಕೊಳ್ಳುತ್ತಾರೆ.