ಎಲೆ ನೋಡಿ ಹೆಸರು ಹೇಳಿದ್ದು

ಶೇಡಬಾಳದ ಕಬ್ಬಿನ ಹೊಲದ ಬದುವಿನಲ್ಲಿ, ನೀರು ಆರದ ಕರಿಮಣ್ಣಿನ ಮೇಲೆ ಒಂದು ಬಳ್ಳಿ ಹಬ್ಬಿತ್ತು. ಗೆಣ್ಣುಗೆಣ್ಣಿಗೂ ಬೇರು, ದುಂಡನೆಯ ಪುಟ್ಟ ಎಲೆ. ಪಕ್ಕದ ಮನೆಯ ಆಯಿ ಕೇಳಿದರು: "ತಮ್ಮಾ, ಇದು ಬ್ರಾಹ್ಮಿ ಹೌದಲ್ಲ? ಮೊಮ್ಮಗಗ ಪರೀಕ್ಷಾ ಬಂದಾವ, ಚಟ್ನಿ ಮಾಡಿ ಕೊಡಬೇಕು."

"ಹೌದ್ರಿ ಆಯಿ" ಅಂದುಬಿಟ್ಟೆ. ಬಗ್ಗಿ ಕೂಡ ನೋಡಿರಲಿಲ್ಲ. ಅವರದು ಜೈನ ಮನೆ, ಅಂದು ಚತುರ್ದಶಿ. ಹಸಿರು ಹರಿಯುವಂತಿಲ್ಲ. "ನಾಳೆ ಹರಕೊಂಡು ಹೋಗ್ತೇನಿ" ಎಂದು ನಡೆದರು.

ಮರುದಿನ ಬೆಳಿಗ್ಗೆ ಅಲ್ಲಿ ಗಂಟೆಯಂಥ ಹಳದಿ ಹೂ ಅರಳಿತ್ತು. ನಾನು ತಿಳಿದದ್ದು ಒಂದೆಲಗ ಎಂದು. ಒಂದೆಲಗದ ಹೂ ನಸುಗೆಂಪು, ಕಣ್ಣಿಗೆ ಬೀಳದಷ್ಟು ಸಣ್ಣದು. ಇದು ಇಲಿಕಿವಿ, ಮರಾಠಿಯವರ ಉಂದೀರಕಾನಿ. ಅದು ಕೊತ್ತಂಬರಿಯ ಬಳಗ, ಇದು ಗೆಣಸಿನ ಬಳಗ. ಬಗ್ಗಿ ನೋಡಿದ್ದರೆ ಎಲೆಯೇ ಹೇಳುತ್ತಿತ್ತು: ಒಂದೆಲಗದ ಅಂಚಿಗೆ ಸುತ್ತಲೂ ಸಾಲುಹಲ್ಲು, ಇದಕ್ಕೆ ಅಲ್ಲೊಂದು ಇಲ್ಲೊಂದು ಒರಟು ಹಲ್ಲು.

ಒಂದೆಲಗವೇ ಆಗಿದ್ದರೂ ನನ್ನ 'ಹೌದು' ಅರೆಬರೆಯದೇ. ಆಯುರ್ವೇದ ಅದನ್ನು ಮಂಡೂಕಪರ್ಣಿ ಎನ್ನುತ್ತದೆ. ಬ್ರಾಹ್ಮಿ ಎಂದು ಹೆಚ್ಚಿನವರು ಗುರುತಿಸುವುದು ದಪ್ಪನೆಯ ಜೋಡಿ ಎಲೆಗಳ ನೀರುಬ್ರಾಹ್ಮಿಯನ್ನು. ಜನ ಎರಡನ್ನೂ ಬ್ರಾಹ್ಮಿ ಎನ್ನುತ್ತಾರೆ. ಆಯಿಯ ಪಾಲಿಗಂತೂ ಬ್ರಾಹ್ಮಿ ಎಂದರೆ ಆದಿನಾಥರು ಅಕ್ಷರ ಕಲಿಸಿದ ಮಗಳು. ಓದುವ ಮೊಮ್ಮಗನಿಗೆ ಅದಕ್ಕಿಂತ ಒಳ್ಳೆಯ ಎಲೆ ಯಾವುದಿದ್ದೀತು!

ಇಲಿಕಿವಿ ವಿಷವಲ್ಲ, ಅದನ್ನೂ ಸೊಪ್ಪು ಮಾಡಿ ತಿನ್ನುವವರಿದ್ದಾರೆ. ಹುಡುಗನಿಗೆ ಏನೂ ಆಗುತ್ತಿರಲಿಲ್ಲ. ಹಾಗಾದರೆ ನಾನು ಮಾಡಿದ್ದು ತಪ್ಪೇ? 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ಒಂದು ಪ್ರಬಂಧದಲ್ಲಿ ಹಳೆಯ ಹಡಗಿನ ಮಾಲೀಕನೊಬ್ಬನ ಕತೆ ಹೇಳಿದ. ಹಡಗಿನ ಬಗೆಗಿನ ಅನುಮಾನವನ್ನು ಅದುಮಿಕೊಂಡು ಅವನು ಜನರನ್ನು ಕಳಿಸುತ್ತಾನೆ. ಹಡಗು ಸುರಕ್ಷಿತವಾಗಿ ದಡ ಸೇರಿದರೂ ಅವನ ತಪ್ಪು ಕಡಿಮೆಯಾಗದು ಎಂಬುದು ಕ್ಲಿಫರ್ಡನ ವಾದ. ನನಗಂತೂ ಅದುಮಲು ಅನುಮಾನವೂ ಹುಟ್ಟಿರಲಿಲ್ಲ. ಅದು ಇನ್ನೂ ಕೆಟ್ಟದ್ದೇನೋ.

ಆದರೆ ಕ್ಲಿಫರ್ಡನ ಬಿಗಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೂ ಬಿಡುವ ತನಕ ಬಾಯಿ ಮುಚ್ಚಿಕೊಂಡಿದ್ದರೆ ಯಾವ ಅಜ್ಜಿಯೂ ಸೊಪ್ಪು ತರುವಂತಿಲ್ಲ. ಎಲೆ ನೋಡಿ ಊಹಿಸಬಹುದು. 'ಹಂಗ ಕಾಣ್ತದ್ರಿ' ಎಂದಿದ್ದರೆ ಆಯಿ ಇನ್ನೊಬ್ಬರನ್ನು ಕೇಳುತ್ತಿದ್ದರು. ಕಲಿತವನೆಂದು ನನ್ನನ್ನು ಕೇಳಿದ್ದರು, ನಾನು ಆ ದಾರಿ ಮುಚ್ಚಿದೆ.

ಅವರ ಮನೆಗೆ ಹೋಗಿ ಹೇಳಿದೆ. ಬುಟ್ಟಿ ಕೆಳಗಿಟ್ಟು ಕೇಳಿದರು: "ಮತ್ತ ನಿನ್ನೆ ಅಷ್ಟು ಗಟ್ಟಿಯಾಗಿ ಹೌದಂದೆಲ್ಲೋ?"